ಶೋಕಕವಿತೆ ಯಾರೊಡನೆ ಮಾತಾಡುತ್ತದೆ?

ಸತ್ತವರ ಬಗ್ಗೆ ಪದ್ಯ ಏಕೆ ಬರೆಯುತ್ತಾರೆ ಎಂಬ ಪ್ರಶ್ನೆಗೆ ಒಂದೇ ಉತ್ತರ ಇದ್ದಿದ್ದರೆ ಈ ಚರ್ಚೆ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಬರೆದವರ ಎದೆ ಹಗುರಾಗಲೆಂದು ಕೆಲವರು ಹೇಳುತ್ತಾರೆ, ಹೋದವರ ಹೆಸರು ನಿಲ್ಲಲೆಂದು ಇನ್ನು ಕೆಲವರು. ಸ್ವಂತ ದುಃಖ ಹಾಗೆಯೇ ಕಾವ್ಯವಾಗದು, ಎಲ್ಲರೂ ಸವಿಯುವ ರಸವಾಗಿ ಅದು ಪಾಕಗೊಳ್ಳಬೇಕು ಎಂದು ಮೀಮಾಂಸಕರು ಸಾವಿರ ವರ್ಷದ ಹಿಂದೆಯೇ ವಾದಿಸಿದರು. ಸಮಾಧಾನ ಹೇಳುವ ಪದ್ಯ ಹೋದವರಿಗೆ ಬಗೆವ ದ್ರೋಹ ಎನ್ನುವವರು ಈಚಿನವರು. ಈ ಎಲ್ಲ ಪಕ್ಷಗಳೂ ಒಂದಷ್ಟನ್ನು ಚೆನ್ನಾಗಿ ವಿವರಿಸುತ್ತವೆ. ಆದರೆ ಕನ್ನಡದಲ್ಲಿ ಹದಿಮೂರು ಶತಮಾನಗಳಿಂದ ಸಾವಿನ ಸುತ್ತ ಹುಟ್ಟಿರುವ ಪದ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಈ ಪಕ್ಷಗಳು ಕೇಳದೆ ಬಿಟ್ಟ ಪ್ರಶ್ನೆಯೊಂದು ಎದ್ದು ಕಾಣುತ್ತದೆ. ಪದ್ಯ ಯಾರನ್ನು ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದೆ? ಸತ್ತವರನ್ನೋ, ಉಳಿದವರನ್ನೋ, ಕೊಂದವರನ್ನೋ, ದಾರಿಹೋಕರನ್ನೋ? ಸಾವು ಕಸಿದುಕೊಳ್ಳುವುದರಲ್ಲಿ ಮೊದಲನೆಯದು ಮಾತಿನ ಎದುರಾಳಿಯನ್ನು. ಆ ಖಾಲಿ ಜಾಗಕ್ಕೆ ಯಾರನ್ನು ತರಬೇಕೆಂಬ ನಿರ್ಧಾರವೇ ಶೋಕಕವಿತೆಯ ಸ್ವರೂಪವನ್ನೂ ಬಹುಮಟ್ಟಿಗೆ ಅದರ ಸತ್ವವನ್ನೂ ತೀರ್ಮಾನಿಸುತ್ತದೆ ಎಂಬುದು ಈ ಲೇಖನದ ವಾದ.

ಕಲ್ಲಿನ ಮೇಲಿನ ಮಾತು

ಸಾವನ್ನು ಕುರಿತ ಕನ್ನಡದ ಹಳೆಯ ಪದ್ಯಗಳು ನಮಗೆ ಸಿಕ್ಕಿರುವುದು ಕಲ್ಲಿನ ಮೇಲೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳಲ್ಲಿ ಸುಮಾರು 7ನೇ ಶತಮಾನದಿಂದ ಕೆತ್ತಿದ ನಿಸಿಧಿ ಶಾಸನಗಳಿವೆ. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ ಜೈನ ಮುನಿಗಳ, ಕಂತಿಯರ ನೆನಪಿನವು. ನಂದಿಸೇನ ಮುನಿಯ ಶಾಸನ ಸಾಹಿತ್ಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ರೂಪ, ಭೋಗ, ಸಿರಿ ಎಲ್ಲವೂ ಕಾಮನಬಿಲ್ಲು, ಮಿಂಚು, ಮಂಜುಗಳಂತೆ ಕರಗಿಹೋಗುವವೆಂದು ಬಗೆದು ಆ ಮುನಿ ಸನ್ಯಾಸದಿಂದ ದೇವಲೋಕಕ್ಕೆ ನಡೆದನೆಂಬುದು ಅದರ ಸಾರ. ಇಲ್ಲಿ ಅಳುವಿಲ್ಲ. ಮರಣವನ್ನು ಬೇಕೆಂದೇ ಆರಿಸಿಕೊಂಡವನಿಗಾಗಿ ಅಳುವುದು ಅವನ ವ್ರತಕ್ಕೆ ಅವಮಾನ. ಆದರೂ ಯಾರೋ ಆ ಬಂಡೆಯ ಮುಂದೆ ಕೂತು ಅಕ್ಷರ ಕೆತ್ತಿಸಿದ್ದಾರೆ, ವೃತ್ತ ಕಟ್ಟಿಸಿದ್ದಾರೆ. ಕೆತ್ತಿಸಿದವರ ದುಃಖ ಪದ್ಯದೊಳಗೆ ಮುಖ ತೋರಿಸುವುದಿಲ್ಲ; ಪದ್ಯ ಬೆಟ್ಟ ಹತ್ತಿ ಬರುವ ಅಪರಿಚಿತನಿಗೆ ಮಾತ್ರ ಮಾತಾಡುತ್ತದೆ.

ವೀರಗಲ್ಲುಗಳ ದಾರಿ ಇದಕ್ಕಿಂತ ಲೌಕಿಕ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ ಎಂಬ ವಿನ್ಯಾಸ ನಾಡಿನ ಉದ್ದಗಲಕ್ಕೂ ಕಾಣುತ್ತದೆ. ಇವುಗಳ ಸಾಲಿನಲ್ಲಿ ಆತಕೂರಿನ ಕಲ್ಲು ಒಂದು ವಿಶೇಷ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಈ ಊರಿನ ಶಾಸನ 949ರ ಹೊತ್ತಿನದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚು ಕೊಡಲು ಹೋದಾಗ ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿ ಹಂದಿಗಳು ಒಂದರ ಮೇಲೊಂದು ಬಿದ್ದು ಕಾದುವ ಚಿತ್ರ ಕಲ್ಲಿನ ಮೇಲಿದೆ; ನಾಯಿಯ ನೆನಪಿಗೆ ಭೂಮಿ ಬಿಟ್ಟ ವಿವರವಿದೆ. ಮನಸ್ಸನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಕಟ್ಟಳೆ: ಅಲ್ಲಿನ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ. ಪ್ರೀತಿಯ ನಾಯಿ ಸತ್ತದ್ದಕ್ಕೆ ಮಣಲೇರ ಎಷ್ಟು ಅತ್ತನೆಂದು ಶಾಸನ ಹೇಳುವುದಿಲ್ಲ. ಇನ್ನೂ ಹುಟ್ಟದ ಪೂಜಾರಿಯೊಬ್ಬನ ಊಟದ ಹೊತ್ತಿಗೆ ಆ ನಾಯಿಯನ್ನು ಕಟ್ಟಿಹಾಕುತ್ತದೆ. ನೆನಪನ್ನು ಭಾವದ ಕೈಗೆ ಬಿಟ್ಟರೆ ಅಳಿದೀತೆಂದು ದಿನದ ಕೆಲಸಕ್ಕೆ ಸೇರಿಸುವ ಈ ಉಪಾಯ, ಶೋಕಸಾಹಿತ್ಯವನ್ನು ಕೇವಲ ಭಾವೋದ್ಗಾರವೆಂದು ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ.

ರಸವಾದದ ಬಲ, ಅದರ ಮಿತಿ

ಶೋಕ ಕಾವ್ಯವಾಗುವುದು ಹೇಗೆಂಬುದನ್ನು ಅತ್ಯಂತ ಆಳವಾಗಿ ಚರ್ಚಿಸಿದವರು ಕಾಶ್ಮೀರದ ಮೀಮಾಂಸಕರು. ಕ್ರೌಂಚಮಿಥುನದಲ್ಲೊಂದನ್ನು ಬೇಡ ಕೊಂದದ್ದನ್ನು ಕಂಡ ವಾಲ್ಮೀಕಿಯ ಬಾಯಿಂದ ಮೊದಲ ಶ್ಲೋಕ ಬಂತೆಂಬ ರಾಮಾಯಣದ ಕಥೆಯನ್ನು ಆನಂದವರ್ಧನ ಧ್ವನಿಸಿದ್ಧಾಂತಕ್ಕೆ ಆಧಾರವಾಗಿ ಬಳಸಿದ. ಅವನನ್ನು ವ್ಯಾಖ್ಯಾನಿಸಿದ ಅಭಿನವಗುಪ್ತ ಮುಂದಕ್ಕೆ ಹೋಗಿ, ಇದು ಮುನಿಯ ವೈಯಕ್ತಿಕ ದುಃಖವೆಂದು ತಿಳಿಯಬಾರದು ಎಂದ. ಸ್ವಂತ ದುಃಖದಲ್ಲಿ ಮುಳುಗಿದವನಿಗೆ ಪದ್ಯ ಕಟ್ಟುವ ಬಿಡುವಿಲ್ಲ. ಹಕ್ಕಿಯ ಅಳಲು ಮುನಿಯ ಹೃದಯದಲ್ಲಿ ಮಿಡಿದು, ಯಾರದೂ ಅಲ್ಲದ, ಎಲ್ಲರದೂ ಆದ ಕರುಣವಾಯಿತೆಂಬುದು ಅವನ ನಿಲುವು. ಸಾವಿನ ಪದ್ಯ ಓದಿ ಅಳುತ್ತಲೇ ಅದನ್ನು ಮತ್ತೆ ಓದಲು ಬಯಸುವ ಓದುಗನ ಮನಃಸ್ಥಿತಿಯನ್ನು ಇಷ್ಟು ಚೆನ್ನಾಗಿ ವಿವರಿಸುವ ಇನ್ನೊಂದು ಸಿದ್ಧಾಂತ ನಮ್ಮಲ್ಲಿಲ್ಲ. ಕರುಣಕ್ಕೂ ವಿಪ್ರಲಂಭಕ್ಕೂ ಭರತ ಎಳೆದ ಗೆರೆಯೂ ಅಷ್ಟೇ ಹರಿತವಾದದ್ದು. ಮತ್ತೆ ಸೇರುವ ಆಸೆ ಇದ್ದರೆ ವಿಪ್ರಲಂಭ, ಆ ಆಸೆ ಕಡಿದುಹೋದರೆ ಕರುಣ.

ಒಳಗಿನಿಂದಲೇ ಎದ್ದ ಭಿನ್ನಮತವೂ ಇದೆ. 12ನೇ ಶತಮಾನದ 'ನಾಟ್ಯದರ್ಪಣ'ದ ಕರ್ತೃಗಳಾದ ರಾಮಚಂದ್ರ ಗುಣಚಂದ್ರರು ಎಲ್ಲ ರಸವೂ ಆನಂದವೆಂಬುದನ್ನು ಒಪ್ಪಲಿಲ್ಲ. ಕರುಣದಲ್ಲಿ ನೋವು ನೋವೇ. ಪ್ರೇಕ್ಷಕ ಮೆಚ್ಚುವುದು ಕವಿಯ, ನಟನ ಕೌಶಲವನ್ನು ಎಂದು ಅವರು ವಾದಿಸಿದರು. ಕನ್ನಡದ ಓದುಗರಿಗೆ ಈ ಜಿಜ್ಞಾಸೆಯ ಪರಿಚಯ ಮಾಡಿಕೊಟ್ಟದ್ದು ಮುಖ್ಯವಾಗಿ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' (1953).

ಆದರೆ ರಸವಾದಿಗಳು ಕಣ್ಣು ಹಾಯಿಸದ ಸಂಗತಿಯೊಂದು ಅವರ ಮೂಲ ಉದಾಹರಣೆಯಲ್ಲೇ ಇದೆ. ವಾಲ್ಮೀಕಿಯ ಆ ಮೊದಲ ಶ್ಲೋಕ ಸತ್ತ ಹಕ್ಕಿಯನ್ನು ಕುರಿತು ಮಾತಾಡುವುದಿಲ್ಲ, ಅಳುವ ಹೆಣ್ಣುಹಕ್ಕಿಯನ್ನೂ ಸಂತೈಸುವುದಿಲ್ಲ. ಅದು ಬೇಡನಿಗೆ ಎದುರು ನಿಂತು ಕೊಟ್ಟ ಶಾಪ. ಯಾರದೂ ಅಲ್ಲದ ದುಃಖ ಎಂದು ಅಭಿನವಗುಪ್ತ ಕರೆದದ್ದು, ಮಧ್ಯಮಪುರುಷದಲ್ಲಿ, ಬೆರಳು ತೋರಿಸಿ ಹೇಳಿದ ಆರೋಪವಾಗಿಯೇ ಮೊದಲು ಬಾಯಿಗೆ ಬಂದದ್ದು. ಕಾಳಿದಾಸನಲ್ಲೂ ಹೀಗೆಯೇ. ರಘುವಂಶದ ಎಂಟನೆಯ ಸರ್ಗದಲ್ಲಿ ಅಜ ಸತ್ತ ಇಂದುಮತಿಯನ್ನೇ ಕರೆದು ಮಾತಾಡಿಸುತ್ತಾನೆ. ವಸಿಷ್ಠರು ಶಿಷ್ಯನ ಮೂಲಕ ಕಳುಹಿಸಿದ ತತ್ವದ ಮಾತು ಅವನ ಎದೆಯಲ್ಲಿ ಎಡೆ ಸಿಗದೆ ಹಿಂದಿರುಗುತ್ತದೆ. ಮಗನಿಗಾಗಿ ಎಂಟು ವರ್ಷ ಹೇಗೋ ತಳ್ಳಿ ಕೊನೆಗೆ ಗಂಗಾ ಸರಯೂ ಸಂಗಮದಲ್ಲಿ ದೇಹ ಬಿಡುತ್ತಾನೆ. ಸಮಾಧಾನವನ್ನೂ ಅದರ ಸೋಲನ್ನೂ ಒಂದೇ ಸರ್ಗದಲ್ಲಿ ತೋರಿಸಿದ ಕವಿಗೆ, ಅಜನಿಗೆ ಬೇಕಾದ ಕಿವಿ ಗುರುವಿನದಲ್ಲ ಎಂಬುದು ಗೊತ್ತಿತ್ತು. ರಸವಾದ ಕೇಳುಗನ ಕಡೆಯಿಂದ ಎಲ್ಲವನ್ನೂ ವಿವರಿಸುತ್ತದೆ. ಪದ್ಯದೊಳಗೆ ಯಾರು ಯಾರಿಗೆ ಹೇಳುತ್ತಿದ್ದಾರೆಂಬುದು ಅದಕ್ಕೆ ಬರಿಯ ಸಾಮಗ್ರಿ.

ರನ್ನನ ರಣರಂಗ

ಈ ವಾದಕ್ಕೆ ಕನ್ನಡ ಕೊಡುವ ಅತ್ಯಂತ ಗಟ್ಟಿಯಾದ ಸಾಕ್ಷಿ 10ನೇ ಶತಮಾನದ ಕೊನೆಯಲ್ಲಿ ರನ್ನ ಬರೆದ 'ಸಾಹಸಭೀಮವಿಜಯ'. ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹೊಗಳಲು ಹೊರಟ ಕಾವ್ಯ ಇದು. ಆದರೆ ಅದರ ಜೀವ ಇರುವುದು ಸೋತ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ಹಾದುಹೋಗುವ ಭಾಗದಲ್ಲಿ. ಅಲ್ಲಿ ಒಂದೇ ವಿಲಾಪವಿಲ್ಲ, ಹಲವು ವಿಲಾಪಗಳಿವೆ. ಪ್ರತಿಯೊಂದರ ಮಾತಿನ ಜಾಡೂ ಬೇರೆ. ದ್ರೋಣನ ಮುಂದೆ ಶಿಷ್ಯನ ದನಿ: ಇಂಥ ಗುರು ಅಳಿದದ್ದು ನನ್ನ ದುರ್ದೈವದಿಂದ ಎಂಬ ತಪ್ಪೊಪ್ಪಿಗೆ. ಅಭಿಮನ್ಯುವಿನ ಮುಂದೆ ನಿಂತಾಗ ಶತ್ರುವಿನ ಮಗನಿಗೆ ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ಸ್ವಂತ ಮಗ ಲಕ್ಷ್ಮಣಕುಮಾರನ ಹತ್ತಿರ ಬಂದಾಗ ಮಾತು ಸಂಸ್ಕಾರದ ಕ್ರಮಕ್ಕೆ ತಿರುಗುತ್ತದೆ: ಮಗ ತಂದೆಗೆ ಎಳ್ಳುನೀರು ಬಿಡುವುದು ಲೋಕದ ರೀತಿ, ತಂದೆ ಮಗನಿಗೆ ಬಿಡಬೇಕಾದ ಈ ತಲೆಕೆಳಗು ಏತಕ್ಕೆ? ದುಶ್ಶಾಸನನ ಮುಂದೆ ಅದೇ ಕ್ರಮಭಂಗ ಮನೆಮಾತಿಗೆ ಇಳಿಯುತ್ತದೆ. ತಾಯ ಮೊಲೆಹಾಲಿನಿಂದ ಹಿಡಿದು ಎಲ್ಲದರಲ್ಲೂ ಅಣ್ಣನ ನಂತರ ಪಾಲು ಪಡೆದ ತಮ್ಮ ಸಾವಿನಲ್ಲಿ ಮಾತ್ರ ಮುಂದೆ ಹೋದನಲ್ಲ ಎಂಬ ಆಕ್ಷೇಪ ಅದು. ಕರ್ಣನ ಬಳಿಯಂತೂ ಗೆಳೆಯನಿಲ್ಲದ ರಾಜ್ಯವೂ ಬಾಳೂ ಬರಿದು ಎಂಬ ಹಂತಕ್ಕೆ ಬಂದು ನಿಲ್ಲುತ್ತಾನೆ.

ಕ್ರಮ ತಪ್ಪಿತೆಂಬ ದೂರು ಇಲ್ಲಿ ಎರಡು ಬಾರಿ ಬರುವುದು ಆಕಸ್ಮಿಕವಲ್ಲ. ಸಂಬಂಧವೊಂದರಲ್ಲಿ ಯಾರು ಮೊದಲು, ಯಾರು ಆಮೇಲೆ, ಯಾರಿಗೆ ಯಾರು ಏನು ಸಲ್ಲಿಸಬೇಕು ಎಂಬ ಲೆಕ್ಕವಿರುತ್ತದೆ. ಸಾವು ಆ ಲೆಕ್ಕವನ್ನು ಚುಕ್ತಾ ಮಾಡದೆ ಎದ್ದುಹೋಗುತ್ತದೆ. ಉಳಿದವನ ಮಾತು ಆ ಬಾಕಿಯ ಬಗ್ಗೆ. ಹಾಗಾಗಿ ದುರ್ಯೋಧನ 'ದುಃಖ' ಎಂಬ ಸಾಮಾನ್ಯ ಸರಕನ್ನು ಹೆಣಗಳಿಗೆಲ್ಲ ಹಂಚುತ್ತ ಹೋಗುವುದಿಲ್ಲ. ಗುರುವಿಗೆ ಸಲ್ಲುವ ದುಃಖ ತಮ್ಮನಿಗೆ ಸಲ್ಲದು. ಕರುಣರಸ ಒಂದೇ ಎನ್ನುವ ಸಿದ್ಧಾಂತ ಈ ಭೇದವನ್ನು ನುಂಗಿಹಾಕುತ್ತದೆ, ರನ್ನ ನುಂಗಲಿಲ್ಲ. ಇದು ಪಾತ್ರದ ಶೋಕ, ಕವಿಯದಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಪ್ರತಿ ಸಂಬಂಧಕ್ಕೂ ಬೇರೆ ಬೇರೆ ಮಾತಿನ ನಡೆಯನ್ನು ಹುಡುಕಿಕೊಟ್ಟವನು ಕವಿಯೇ, ಮುಂದೆ ಸ್ವಂತ ನಷ್ಟವನ್ನು ಬರೆದ ಕನ್ನಡ ಕವಿಗಳಿಗೆ ಪೂರ್ವಪರಂಪರೆಯಾಗಿ ಒದಗಿದ್ದೂ ಇಂಥ ವಿಲಾಪಗಳೇ.

ರಾಘವಾಂಕನ 'ಹರಿಶ್ಚಂದ್ರಕಾವ್ಯ'ದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವನಿಗಾಗಿ ಚಂದ್ರಮತಿ ಅಳುವ ಭಾಗ ಇನ್ನೊಂದು ಮಜಲು. ಗಮಕಿಗಳು ವಾಚಿಸುವಾಗ ಸಭೆ ಕಣ್ಣೊರೆಸಿಕೊಳ್ಳುವ ಜಾಗ ಅದು. ಅಲ್ಲಿ ತಾಯಿಯ ಅಳುವನ್ನು ಕೇಳಿಸಿಕೊಳ್ಳಬೇಕಾದವನು ಸುಡುಗಾಡಿನ ಕಾವಲಿಗೆ ನಿಂತ ಗಂಡನೇ. ಅವನು ಮೊದಲು ಕೇಳುವುದು ಹೆಣ ಸುಡುವ ತೆರಿಗೆ. ಶೋಕಕ್ಕೆ ಸಿಕ್ಕ ಕಿವಿ ಕರ್ತವ್ಯದಿಂದ ಮುಚ್ಚಿಹೋಗಿರುವ ಈ ಸನ್ನಿವೇಶಕ್ಕಿಂತ ಕಠೋರವಾದದ್ದನ್ನು ನಮ್ಮ ಕಾವ್ಯದಲ್ಲಿ ಹುಡುಕುವುದು ಕಷ್ಟ.

ಹಾಡ್ಯಾಡಿಕೊಂಡು ಅಳುವವರು

ಪಂಡಿತರ ಚರ್ಚೆಗೆ ಬಹುಕಾಲ ಹೊರಗೇ ಉಳಿದ ಪರಂಪರೆಯೊಂದಿದೆ. ಸಾವಾದ ಮನೆಯಲ್ಲಿ ಹೆಣದ ಸುತ್ತ ಕೂತ ಹೆಂಗಸರು ರಾಗವಾಗಿ ಅಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಹಾಡ್ಯಾಡಿಕೊಂಡು ಅಳುವುದು ಎನ್ನುತ್ತಾರೆ. ಅಲ್ಲಿ ಸತ್ತವರನ್ನು ಸಂಬಂಧ ಹಿಡಿದು ಕೂಗುತ್ತಾರೆ. ಅವರು ಮಾಡಿದ ಉಪಕಾರ, ಉಟ್ಟ ಬಟ್ಟೆ, ಕಟ್ಟಿಸಿದ ಮನೆ, ತುಂಬಿಸಿದ ಉಡಿ, ಬಾಯಿ ತುಂಬ ಕರೆದ ರೀತಿ ಒಂದೊಂದಾಗಿ ಬರುತ್ತವೆ. ನಡುವೆ ಬದುಕಿರುವವರಿಗೂ ಮಾತು ತಾಗುತ್ತದೆ: ಕೊನೆಗಾಲದಲ್ಲಿ ನೋಡಿಕೊಳ್ಳದ ಮಗ, ತವರಿನ ಬಾಗಿಲು ಮುಚ್ಚಿದ ಅಣ್ಣ, ಬಾಯಿಬಿಟ್ಟು ಹೇಳಲಾಗದಿದ್ದ ಜಗಳ. ಬೇರೆ ದಿನ ಆಡಿದರೆ ಮನೆಯೊಡೆಯುವ ಮಾತು ಆ ಹೊತ್ತಿನಲ್ಲಿ ಅಳುವಾಗಿ ದಾಟಿಹೋಗುತ್ತದೆ. ಹೆಣವನ್ನು ಕರೆದು ಹೇಳಿದ್ದು, ಪಕ್ಕದಲ್ಲಿ ನಿಂತವರಿಗೆ ಕೇಳಿಸಬೇಕಾದದ್ದು. ಒಂದೇ ಉಸಿರಿನಲ್ಲಿ ಇಬ್ಬರಿಗೆ ಮಾತಾಡುವ ಈ ಕಲೆಯ ಮುಂದೆ ಲಿಖಿತ ಶೋಕಗೀತೆಗಳು ಎಷ್ಟೋ ಸಲ ಬಡವಾಗಿ ಕಾಣುತ್ತವೆ.

ಇದಕ್ಕೆ ಸಮೂಹದ ರೂಪವೂ ಉಂಟು. ರಾಯಚೂರು ಜಿಲ್ಲೆಯ ಮುದಗಲ್ಲಿನಂಥ ಊರುಗಳ ಮೊಹರಂನಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಕೂಡುತ್ತಾರೆ. 680ರ ಕರ್ಬಲಾ ಕಾಳಗದಲ್ಲಿ ಮಡಿದವರ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳು ಹಾಡುತ್ತ ಬಂದಿವೆ. ಶಿಶುನಾಳ ಶರೀಫರೂ ಇಂಥ ಪದಗಳನ್ನು ಕಟ್ಟಿದವರು. ಇದಕ್ಕೆ ಮೊದಲೇ ಬಿಜಾಪುರದ ಆದಿಲಶಾಹಿ ಕಾಲದಲ್ಲಿ ದಖನಿ ಭಾಷೆಯ ಮರ್ಸಿಯಾ ಬೆಳೆದಿತ್ತು. ದೂರದೇಶದ, ಸಾವಿರ ವರ್ಷಕ್ಕೂ ಹಳೆಯ ಸಾವಿಗೆ ಕೃಷ್ಣಾ ತೀರದ ಒಕ್ಕಲುಮಕ್ಕಳು ಅಳಬಲ್ಲರೆಂದರೆ, ಶೋಕ ತೀರಿಹೋಗಬೇಕಾದ ಕಾಯಿಲೆಯೆಂಬ ಎಣಿಕೆ ಅಲ್ಲಿ ಇಲ್ಲ. ವರ್ಷಕ್ಕೊಮ್ಮೆ ಬರಮಾಡಿಕೊಳ್ಳಬೇಕಾದ ನಂಟು ಅದು.

ಸಮಾಧಾನದ ಪಕ್ಷ, ಸಮಾಧಾನ ಒಲ್ಲದ ಪಕ್ಷ

ಯುರೋಪಿನಲ್ಲಿ ಈ ಪ್ರಶ್ನೆ 20ನೇ ಶತಮಾನದಲ್ಲಿ ಮನಶ್ಶಾಸ್ತ್ರದ ಕೈಗೆ ಹೋಯಿತು. 1917ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸಿಗ್ಮಂಡ್ ಫ್ರಾಯ್ಡ್ ಶೋಕವನ್ನೂ ವಿಷಣ್ಣತೆಯನ್ನೂ ಬೇರ್ಪಡಿಸಿದ. ಹೋದವರ ಮೇಲಿಟ್ಟ ಪ್ರೀತಿಯನ್ನು ಮನಸ್ಸು ನೆನಪಿನ ಮೇಲೆ ನೆನಪು ಬಿಡಿಸಿಕೊಳ್ಳುತ್ತ ಕೊನೆಗೆ ಹೊಸ ಆಸರೆ ಹುಡುಕುವುದು ಶೋಕ. ಬಿಡಿಸಿಕೊಳ್ಳಲಾಗದೆ ತನ್ನನ್ನೇ ತಿನ್ನುವುದು ವಿಷಣ್ಣತೆ. ಪೀಟರ್ ಸ್ಯಾಕ್ಸ್ 1985ರಲ್ಲಿ ಇಂಗ್ಲಿಷ್ ಶೋಕಕಾವ್ಯವನ್ನು ಈ ಕನ್ನಡಿಯಲ್ಲೇ ಓದಿದರು: ಕವಿ ನಷ್ಟದಿಂದ ಹೊರಟು, ಪದ್ಯವನ್ನೇ ಹೋದವರ ಬದಲಿಗೆ ಪಡೆದು, ಸಮಾಧಾನಕ್ಕೆ ಬಂದು ಸೇರುತ್ತಾನೆ. 1850ರಲ್ಲಿ ಪ್ರಕಟವಾದ ಟೆನಿಸನ್ನನ 'ಇನ್ ಮೆಮೋರಿಯಮ್' ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. 1833ರಲ್ಲಿ ತೀರಿಕೊಂಡ ಗೆಳೆಯ ಹ್ಯಾಲಮ್‌ಗಾಗಿ ಹದಿನೇಳು ವರ್ಷ ಬೆಳೆದ ಕೃತಿ ಅದು. ಜಹಾನ್ ರಮಜಾನಿ 1994ರಲ್ಲಿ ಇದನ್ನು ತಿರುಗಿಸಿ ಹಾಕಿದರು. ಹಾರ್ಡಿಯಿಂದ ಹೀನಿಯವರೆಗೆ ಆಧುನಿಕ ಕವಿಗಳು ಸಮಾಧಾನವನ್ನು ಬೇಕೆಂದೇ ನಿರಾಕರಿಸಿದರು, ಗಾಯವನ್ನು ತೆರೆದೇ ಇಟ್ಟರು, ಸತ್ತವರ ಮೇಲೆ ಸಿಟ್ಟನ್ನೂ ಮಾಡಿದರು ಎಂದು ತೋರಿಸಿದರು.

ಫ್ರಾಯ್ಡನ ಸ್ವಂತ ಬಾಳು ಅವನ ಸಿದ್ಧಾಂತಕ್ಕೆ ಒಗ್ಗಲಿಲ್ಲ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 1920ರಲ್ಲಿ ಮಗಳು ಸೋಫಿಯನ್ನು ಕಳೆದುಕೊಂಡ ಆತ, 1929ರಲ್ಲಿ ಮಗನನ್ನು ಕಳೆದುಕೊಂಡ ಗೆಳೆಯ ಬಿನ್ಸ್‌ವಾಂಗರ್‌ಗೆ ಬರೆದ ಪತ್ರದಲ್ಲಿ, ಆ ಖಾಲಿ ಜಾಗಕ್ಕೆ ಏನು ಬಂದರೂ ಅದು ಬೇರೆಯೇ ಆಗಿ ಉಳಿಯುತ್ತದೆ, ಹಾಗೆ ಉಳಿಯುವುದೇ ಸರಿ ಎಂಬರ್ಥದ ಮಾತು ಹೇಳಿದ. 1996ರ ಹೊತ್ತಿಗೆ ಡೆನ್ನಿಸ್ ಕ್ಲಾಸ್ ಮತ್ತು ಸಂಗಡಿಗರು, ಸತ್ತವರೊಡನೆ ನಂಟು ಮುಂದುವರಿಸುವುದು ರೋಗವಲ್ಲ ಎಂದು ಶಾಸ್ತ್ರೀಯವಾಗಿ ವಾದಿಸಿದರು. ವರ್ಷಾಂತರದ ಶ್ರಾದ್ಧ, ಮಹಾಲಯದ ಎಡೆ, ಉರುಸು, ಕಲ್ಲರೆಯ ಮೇಲಿನ ಮೇಣದಬತ್ತಿಗಳ ನಡುವೆ ಬೆಳೆದವರಿಗೆ ಇದು ಹೊಸ ಶೋಧವೆನಿಸದು. ಬರೆದರೆ ಆರೋಗ್ಯ ಸುಧಾರಿಸುತ್ತದೆಂಬ ಚಿಕಿತ್ಸಾವಾದವೂ ಒಂದಿದೆ. 1986ರಿಂದ ಜೇಮ್ಸ್ ಪೆನ್ನೆಬೇಕರ್ ಪ್ರಯೋಗಗಳು ಅದಕ್ಕೆ ಬುನಾದಿ ಹಾಕಿದವು. ಅದು ಬರೆಯುವವರ ಬಗ್ಗೆ ಹೇಳುತ್ತದೆ, ಪದ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೆಟ್ಟ ಪದ್ಯ ಬರೆದರೂ ಎದೆ ಹಗುರಾದೀತು.

ಬೇಂದ್ರೆಯಿಂದ ಲಂಕೇಶರವರೆಗೆ

ನವೋದಯದೊಂದಿಗೆ ಕನ್ನಡ ಕವಿ ತನ್ನ ಮನೆಯ ಸಾವನ್ನು ತನ್ನ ದನಿಯಲ್ಲೇ ಬರೆಯತೊಡಗಿದ. ಬಿ.ಎಂ.ಶ್ರೀ. ಇಂಗ್ಲಿಷ್ ಗೀತಗಳ ಮೂಲಕ ಶೋಕಗೀತೆಯ ಪಾಶ್ಚಾತ್ಯ ಮಾದರಿಗಳನ್ನು ತಂದುಕೊಟ್ಟರು. ಆದರೆ ಆ ದಾರಿಯ ಅತ್ಯುತ್ತಮ ಕವಿತೆ ಇಂಗ್ಲಿಷ್ ಮಾದರಿಯನ್ನು ಹಿಡಿದು ಬಂದದ್ದಲ್ಲ. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಹುಟ್ಟಿದ್ದು ಮಗುವಿನ ಸಾವಿನ ಸಂದರ್ಭದಲ್ಲಿ. ಅದರಲ್ಲಿ ಮಗುವಿನ ಹೆಸರಿಲ್ಲ, ಸಾವಿನ ವಿವರವಿಲ್ಲ. ಹಿನ್ನೆಲೆ ಗೊತ್ತಿಲ್ಲದವರು ವೇದಿಕೆಯ ಮೇಲೆ ಅದನ್ನು ಕೇಳಿ ಗಂಡಹೆಂಡಿರ ನಡುವಿನ ಬೇರಾವುದೋ ವೇದನೆಯೆಂದು ತಿಳಿಯಬಹುದು. ಗಂಡ ಹೆಂಡತಿಗೆ ಧಾರವಾಡದ ಆಡುಮಾತಿನಲ್ಲಿ ಹೇಳುತ್ತಿದ್ದಾನೆ. ಅವಳು ಅಳುತ್ತಿಲ್ಲ, ಅಳದೆ ನೋಡುತ್ತಿದ್ದಾಳೆ, ಅದನ್ನು ಅವನು ತಾಳಲಾರ. ಬಿಕ್ಕನ್ನು ತುಟಿಕಚ್ಚಿ ತಡೆಯಬೇಡ, ಹರಿಯಗೊಡು ಎಂದು ಕೇಳಿಕೊಳ್ಳುತ್ತಾನೆ. ಹಗಲ ಮುಗಿಲಿನಲ್ಲಿ ಹುಣ್ಣಿಮೆಯ ಚಂದ್ರನ ಹೆಣ ತೇಲಿಬಂದಂತೆ ಅವಳ ಮುಖ ಕಂಡಾಗ, ಕವಿತೆಯಲ್ಲಿ ಎಲ್ಲಿಯೂ ಹೆಸರಿಸದ ಸಾವು ಅವಳ ಮೋರೆಯಲ್ಲೇ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಕವಿ ಮಾಡಿದ ಆಯ್ಕೆಯನ್ನು ಗಮನಿಸಬೇಕು. ಮಗುವನ್ನು ಕರೆದು ಮಾತಾಡಬಹುದಿತ್ತು, ದೇವರನ್ನು ಬೈಯಬಹುದಿತ್ತು. ಎರಡನ್ನೂ ಬಿಟ್ಟು, ಅದೇ ದುಃಖವನ್ನು ಹೊತ್ತ ಇನ್ನೊಬ್ಬಳನ್ನು ಎದುರಿಗೆ ತಂದರು. ಆಕೆಗೆ ಸಮಾಧಾನ ಹೇಳುವ ಯೋಗ್ಯತೆ ಅವನಿಗಿಲ್ಲ, ಏಕೆಂದರೆ ಅವನೂ ಅದರಲ್ಲೇ ಮುಳುಗಿದ್ದಾನೆ. ಸುಮ್ಮನಿರುವುದೂ ಆಗದು, ಏಕೆಂದರೆ ಅವಳ ನೋಟ ಉತ್ತರ ಕೇಳುತ್ತಿದೆ. ಸ್ವಂತ ದುಃಖ ಕಾವ್ಯವಾಗದೆಂಬ ಅಭಿನವಗುಪ್ತನ ಮಾತಿಗೆ ಇದಕ್ಕಿಂತ ಒಳ್ಳೆಯ ಮರುತ್ತರವಿಲ್ಲ. ದುಃಖವನ್ನು ದಾಟಿಸಲು ಬೇಕಾದ ದೂರವನ್ನು ಕವಿ ಕಾಲದಿಂದ ಪಡೆಯಲಿಲ್ಲ, ಎದುರಿಗಿದ್ದವಳ ಕಣ್ಣಿನಿಂದ ಪಡೆದರು.

ಕುವೆಂಪು ಹಿಡಿದದ್ದು ಇನ್ನೊಂದು ದಾರಿ. 1939ರಲ್ಲಿ ತೀರಿಕೊಂಡ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ 'ಶ್ರೀ ರಾಮಾಯಣ ದರ್ಶನಂ' ಅರ್ಪಿತವಾಗಿದೆ. ಆ ಅರ್ಪಣೆಯ ಕವಿತೆ ಗುರುವನ್ನು ನೇರವಾಗಿ ಸಂಬೋಧಿಸುತ್ತದೆ, ಅವರು ಕೇಳಿಸಿಕೊಳ್ಳುತ್ತಿದ್ದಾರೆಂಬ ನಂಬಿಕೆ ಅದಕ್ಕೆ ಅಲಂಕಾರವಲ್ಲ. ನವ್ಯದ ಕವಿಗಳಿಗೆ ಆ ನಂಬಿಕೆ ಉಳಿಯಲಿಲ್ಲ. ಅಡಿಗರ 'ಭೂತ' ('ಭೂಮಿಗೀತ', 1959) ಗತಿಸಿದವರನ್ನು ಕಾಡುವ, ಅಗೆದು ತೆಗೆಯಬೇಕಾದ ಋಣವಾಗಿ ನೋಡಿತು. ಮೈಸೂರಿನಲ್ಲಿ ಹುಟ್ಟಿ ಷಿಕಾಗೊದಲ್ಲಿ ನೆಲೆಸಿದ ಎ.ಕೆ. ರಾಮಾನುಜನ್ ಇಂಗ್ಲಿಷಿನಲ್ಲಿ ಬರೆದ 'ಅಬಿಚುಯರಿ' (1971ರ ಸಂಕಲನದಲ್ಲಿದೆ) ತಂದೆಯ ಸಾವನ್ನು ಆಸ್ತಿಪಟ್ಟಿಯಂತೆ ಒಪ್ಪಿಸುತ್ತದೆ: ಸಾಲ, ಹೆಣ್ಣುಮಕ್ಕಳು, ದೂಳು ಹಿಡಿದ ಕಾಗದಪತ್ರ. ಮದರಾಸಿನ ಪತ್ರಿಕೆಯೊಂದರ ಒಳಪುಟದಲ್ಲಿ ಬಂದಿರಬಹುದಾದ ಎರಡು ಸಾಲಿನ ಮರಣವಾರ್ತೆಯನ್ನು ಮಗ, ಉಪ್ಪು ಬೆಲ್ಲ ಕಟ್ಟಿಕೊಟ್ಟ ರದ್ದಿ ಪೊಟ್ಟಣಗಳಲ್ಲಿ ಹುಡುಕುತ್ತಾನೆ. ಇದು ಯಾರಿಗೂ ಹೇಳಿದ ಮಾತಲ್ಲ ಎಂದು ತೋರುತ್ತದೆ. ಅಪ್ಪನನ್ನು ಕರೆಯಲಾಗದ ಮಗನ ಸಂಕಟ ಆ ಲೆಕ್ಕದ ದನಿಯಲ್ಲೇ ಇದೆ.

ಲಂಕೇಶರ 'ಅವ್ವ' ಅವಳ ಬಗ್ಗೆ ಹೇಳುತ್ತದೆ, ಅವಳಿಗೆ ಹೇಳುವುದಿಲ್ಲ. ಸಾವಿತ್ರಿ, ಜಾನಕಿ, ಊರ್ಮಿಳೆಯರ ಅಳತೆಗೋಲಿಗೆ ಅವಳು ಸಿಗಳು. ಬೈದಳು, ಗೊಣಗಿದಳು, ಗುದ್ದಾಡಿದಳು, ಕಾಸು ಗಂಟಿಕ್ಕಿ ಸಂಸಾರ ಸಾಕಿದಳು. ಕೊನೆಗೆ ಹೊಲಕ್ಕೆ ಹೊರಟವಳಂತೆ ಸಹಜವಾಗಿ ಹೊರಟುಹೋದಳು. ತಾಯಂದಿರನ್ನು ಪುರಾಣದ ಅಳತೆಯಲ್ಲಿ ತೂಗುವ ಸಮಾಜಕ್ಕೆ ಎದುರಾಗಿ ನಿಂತು ಆಡಿದ ಮಾತು ಅದು, ಅದಕ್ಕೇ ಅಷ್ಟು ಖಚಿತ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಒಬ್ಬರ ಸಾವಿನಿಂದ ಹಸಿವಿನಿಂದ ಅಳಿದ ಜನಸಮೂಹದ ಕಡೆಗೆ ಹೊರಳಿತು. ಅಲ್ಲಿ ಸಮಾಧಾನ ಕೊಡುವುದೆಂದರೆ ಕೊಂದವರನ್ನು ಬಿಟ್ಟುಬಿಡುವುದು. ವಾಲ್ಮೀಕಿ ಬೇಡನ ಕಡೆ ತೋರಿದ ಬೆರಳು ಇಲ್ಲಿ ಮರಳಿ ಬಂದಿದೆ ಎಂದು ನಾನು ಓದುತ್ತೇನೆ.

ಕೆಲವು ಆಕ್ಷೇಪಗಳು

ಸತ್ತವರನ್ನು ಕರೆಯುವುದು ಹಳೆಯ ಕಾವ್ಯರೂಢಿಯಷ್ಟೇ, ಅದಕ್ಕೆ ಇಷ್ಟು ತೂಕ ಏಕೆ ಎಂಬುದು ಮೊದಲ ಆಕ್ಷೇಪ. 18ನೇ ಶತಮಾನದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಮುಳುಗಿ ಸತ್ತ ಸಹಪಾಠಿಗಾಗಿ ಮಿಲ್ಟನ್ 1637ರಲ್ಲಿ ಬರೆದ 'ಲಿಸಿಡಾಸ್' ಕುರಿತು ಇದೇ ಜಾಡಿನ ಟೀಕೆ ಮಾಡಿದ: ಕುರಿಗಾಹಿಗಳ ಕಲ್ಪನೆ ಕಟ್ಟುವಷ್ಟು ವ್ಯವಧಾನ ಇದ್ದಲ್ಲಿ ದುಃಖ ಹೆಚ್ಚಿರಲಾರದು. ಟೀಕೆಯಲ್ಲಿ ಸತ್ಯವಿದೆ. ನುಡಿನಮನದ ಸಭೆಗಳಲ್ಲಿ ಓದುವ ಎಷ್ಟೋ ಪದ್ಯಗಳು ಹೆಸರೊಂದನ್ನು ಬದಲಿಸಿದರೆ ಯಾರಿಗೂ ಸಲ್ಲುವಂತಿರುತ್ತವೆ. ಆದರೆ ಅವು ಸೋಲುವುದು ಸಂಬೋಧನೆ ಇರುವುದರಿಂದಲ್ಲ, ಅದು ಸುಳ್ಳಾಗಿರುವುದರಿಂದ. 'ನೀನು' ಎಂದದ್ದು ಹೋದವರನ್ನಾದರೂ ಕೇಳಿಸಿಕೊಳ್ಳುತ್ತಿರುವುದು ಮುಂದಿನ ಸಾಲಿನ ಗಣ್ಯರು. ಹಾಡ್ಯಾಡಿಕೊಂಡು ಅಳುವವಳೂ ಇಬ್ಬರಿಗೆ ಮಾತಾಡುತ್ತಾಳಲ್ಲ ಎಂದರೆ, ಅವಳ ಇಬ್ಬರು ಕೇಳುಗರೂ ಅವಳಿಗೆ ಬಾಕಿ ಇರುವವರು, ಅವಳೂ ಅವರಿಗೆ ಬಾಕಿ.

ಇನ್ನೊಂದು ಆಕ್ಷೇಪ ನೈತಿಕವಾದದ್ದು, ಹೆಚ್ಚು ಗಂಭೀರವಾದದ್ದು. ಸತ್ತವರು ಉತ್ತರ ಕೊಡಲಾರರು. ಅವರ ಬಾಳನ್ನು, ಕಾಯಿಲೆಯನ್ನು, ಕೊನೆಯ ಮಾತನ್ನು ಪದ್ಯಕ್ಕೆ ಬಳಸುವ ಹಕ್ಕನ್ನು ಯಾರು ಕೊಟ್ಟರು? ಮೌನವೇ ಮರ್ಯಾದೆಯಲ್ಲವೇ? ಮೌನಕ್ಕೆ ಗೌರವ ಸಲ್ಲಬೇಕು. ಆದರೆ ಮೌನ ಎಲ್ಲರನ್ನೂ ಸಮನಾಗಿ ಕಾಯುವುದಿಲ್ಲ. ದೊಡ್ಡವರು ಸತ್ತರೆ ಪುತ್ಥಳಿಗಳು ಏಳುತ್ತವೆ, ರಸ್ತೆಗಳಿಗೆ ಹೆಸರು ಬರುತ್ತದೆ. ಲಂಕೇಶರ ಅವ್ವನಂಥವರ ವಿಷಯದಲ್ಲಿ ಮೌನ ಎಂದರೆ ಅಳಿಸಿಹೋಗುವುದೇ. ಬಳಕೆಯ ಅಪಾಯವನ್ನು ಅಳೆಯುವ ಒಂದು ಉಪಾಯವಾಗಿಯೂ ಸಂಬೋಧನೆ ನೆರವಾದೀತು: ಹೋದವರ ಮುಖ ನೋಡಿ ಹೇಳಲಾಗದ ಮಾತನ್ನು ಅವರ ಬೆನ್ನ ಹಿಂದೆ ಪದ್ಯ ಹೇಳುತ್ತಿದೆಯೇ ಎಂದು ಕೇಳಿಕೊಳ್ಳಬಹುದು. ಇದು ಎಲ್ಲ ಸಂದರ್ಭಕ್ಕೂ ಸಾಕಾಗದು ಎಂಬುದನ್ನೂ ಒಪ್ಪುತ್ತೇನೆ.

ಇನ್ನೂ ತೀರ್ಮಾನವಾಗದ್ದು

ನಂಟಿಲ್ಲದ ಸಾವಿಗೆ ಪದ್ಯ ಬರೆಯುವವರು ಯಾರನ್ನು ಕರೆಯಬೇಕು ಎಂಬುದು ಇಂದಿಗೂ ಬಗೆಹರಿದಿಲ್ಲ. ಕೋವಿಡ್‌ನ ಎರಡನೆಯ ಅಲೆಯ ನಂತರ, 2021ರ ಜೂನ್‌ನಲ್ಲಿ, ವಾರಸುದಾರರು ಬಾರದೆ ಬೆಂಗಳೂರಿನ ಚಿತಾಗಾರಗಳಲ್ಲಿ ಉಳಿದ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಆ ಸಾವುಗಳಲ್ಲಿ ರನ್ನನ ದುರ್ಯೋಧನ ಲೆಕ್ಕ ಹಾಕಿದಂಥ ಮೊದಲು ಆಮೇಲೆಗಳಿಲ್ಲ, ಅಣ್ಣತಮ್ಮಿಕೆಯ ಪಾಲಿಲ್ಲ. ಕವಿ ಅವರನ್ನು 'ನೀವು' ಎಂದರೆ ಅದು ಸಲಿಗೆಯೋ ಸಹಾನುಭೂತಿಯೋ? ಕರ್ಬಲಾ ಪದಗಳ ಹಾಡುಗಾರರು ಪರಿಚಯವಿಲ್ಲದವರಿಗೆ ಅಳಬಲ್ಲರು, ಆದರೆ ಅವರ ಬೆನ್ನಿಗೆ ನೂರಾರು ವರ್ಷದ ಕಥೆಯಿದೆ, ಊರಿದೆ. ಆಧುನಿಕ ಕವಿಗೆ ಅದಿಲ್ಲ. ರೈತರ ಆತ್ಮಹತ್ಯೆಯ ಬಗ್ಗೆ ಪಟ್ಟಣದಲ್ಲಿ ಕೂತು ಬರೆದ ಪದ್ಯಗಳನ್ನು ಓದುವಾಗಲೂ ಇದೇ ತೊಡಕು ಎದುರಾಗುತ್ತದೆ.

ಕಾಲದ ಪ್ರಶ್ನೆಯೂ ಹಾಗೆಯೇ ಉಳಿದಿದೆ. ದುಃಖ ಆರಿದ ಮೇಲೆ ಬರೆದದ್ದೇ ನಿಲ್ಲುತ್ತದೆಂದು ರಸವಾದಿಗಳೂ ಇಂಗ್ಲಿಷ್ ರಮ್ಯರೂ ನಂಬಿದರು. ಹಾಡ್ಯಾಡಿಕೊಂಡು ಅಳುವವಳು ಹೆಣ ಎದುರಿಗಿರುವಾಗಲೇ ಕಟ್ಟುತ್ತಾಳೆ, ಅವಳ ಛಂದಸ್ಸು ತಪ್ಪುವುದಿಲ್ಲ. ಅವಳದ್ದು ಕಾವ್ಯವೇ ಎಂದು ಒಪ್ಪಿದರೆ ಕಾಲದ ದೂರ ಬೇಕೆಂಬ ಸಿದ್ಧಾಂತ ಕುಸಿಯುತ್ತದೆ. ಒಪ್ಪದಿದ್ದರೆ ಏಕೆ ಒಪ್ಪುವುದಿಲ್ಲವೆಂದು ಹೇಳಬೇಕಾಗುತ್ತದೆ. ಹಾಗೆ ಹೇಳಲು ಬೇಕಾದ ಸಾಮಗ್ರಿಯೇ ನಮ್ಮ ಕೈಯಲ್ಲಿ ಸಾಕಷ್ಟಿಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ತಂದ ಮೇಲೆ ಬೀಸುವ, ಕುಟ್ಟುವ, ತೊಟ್ಟಿಲು ತೂಗುವ ಹಾಡುಗಳಿಗೆ ಮುದ್ರಣದ ಭಾಗ್ಯ ದೊರೆಯಿತು. ಸಾವಿನ ಹಾಡಿಗೆ ಸಿಕ್ಕ ಜಾಗ ತೀರ ಕಡಿಮೆ. ಸಾವಿಲ್ಲದ ಮನೆಯಲ್ಲಿ ಅದನ್ನು ಹಾಡಿಸುವುದು ಅಪಶಕುನ, ಸಾವಾದ ಮನೆಯಲ್ಲಿ ಕಾಗದ ಪೆನ್ನು ಹಿಡಿದು ಕೂರುವುದು ಅಮಾನವೀಯ. ಈ ಇಕ್ಕಟ್ಟಿನ ನಡುವೆ ಆ ಹಾಡುಗಳನ್ನು ಬಲ್ಲ ತಲೆಮಾರು ಕಡಿಮೆಯಾಗುತ್ತಿದೆ. ಶೋಕಕವಿತೆಯ ಬಗ್ಗೆ ಈವರೆಗೆ ಕಟ್ಟಿರುವ ಸಿದ್ಧಾಂತಗಳೆಲ್ಲ, ಈ ಲೇಖನದ ವಾದವೂ ಸೇರಿ, ಹೆಚ್ಚಾಗಿ ಗಂಡಸರು ಬರೆದಿಟ್ಟ ಪಠ್ಯಗಳ ಮೇಲೆ ನಿಂತಿವೆ. ಹೆಣದ ತಲೆದೆಸೆಯಲ್ಲಿ ಕೂತು ಹಾಡಿದವರ ಮಾತು ಸಿಕ್ಕರೆ ಅವುಗಳಲ್ಲಿ ಎಷ್ಟು ನಿಲ್ಲುತ್ತವೆ ಎಂಬುದನ್ನು ಈಗಲೇ ಹೇಳಲಾಗದು.